ಕಂಪ್ಯೂಟರ್ ಕೇಳಿ-ಹೇಳಿ: ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮೊದಲು

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಈ ತಿಂಗಳ ಪತ್ರಗಳನ್ನು ಆ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಒಂದೇ ಗೋಳು: "ಅಪ್‌ಡೇಟ್ ಆಯ್ತು, ಆಮೇಲೆ ಕಂಪ್ಯೂಟರ್ ಏಳಲೇ ಇಲ್ಲ." ಎಲ್ಲವೂ ಹಳೇ ಯಂತ್ರಗಳು. ಅದಕ್ಕೇ ಈ ಸಲದ ಪುಟವನ್ನು ಪೂರ್ತಿ ಈ ಒಂದು ತೊಂದರೆಗೆ ಬಿಟ್ಟಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನಿವೃತ್ತ ಕನ್ನಡ ಶಿಕ್ಷಕ. 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಮೂರನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ವಿಂಡೋಸ್ 10. ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೆ ಮಗ ನೋಂದಾಯಿಸಿಕೊಟ್ಟಿದ್ದ. ಕಳೆದ ವಾರ ರಾತ್ರಿ ಅಪ್‌ಡೇಟ್ ನಡೆಯುತ್ತಿತ್ತು. ಶೇ. 30 ಅಂತ ತೋರಿಸುವಾಗ ಕರೆಂಟ್ ಹೋಯಿತು. ಈಗ ಆನ್ ಮಾಡಿದರೆ 'ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್' ಅಂತ ಬರುತ್ತದೆ, ಕಪ್ಪಾಗುತ್ತದೆ, ಮತ್ತೆ ಅದೇ ಬರುತ್ತದೆ. ಇಲ್ಲಿನ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸ ಓಎಸ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ಒಂಬತ್ತು ವರ್ಷ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ ಬರಹಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ? (ಗುಬ್ಬಿ)

ಉತ್ತರ: ಮೇಷ್ಟ್ರೇ, ಮೊದಲು ಒಂದು ಮಾತು. ಯಾರು ಎಷ್ಟೇ ಅವಸರ ಮಾಡಿದರೂ ಫಾರ್ಮ್ಯಾಟ್‌ಗೆ, ಅಂದರೆ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸುವುದಕ್ಕೆ, ಹೂಂ ಅನ್ನಬೇಡಿ. ನಿಮ್ಮ ಬರಹಗಳು ಬಹುತೇಕ ಹಾಗೇ ಇವೆ. ಜೋರು ಮಳೆಗೆ ತೋಟದ ದಾರಿ ಕೊಚ್ಚಿಹೋಗಿದೆ ಅಂದುಕೊಳ್ಳಿ. ತೋಟ ಎಲ್ಲೂ ಹೋಗಿಲ್ಲ, ಮರಗಳೂ ಹೋಗಿಲ್ಲ. ಹೋಗುವ ದಾರಿ ಮಾತ್ರ ಇಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಹಾಳಾಗುವುದು ವಿಂಡೋಸ್‌ನ ಸ್ವಂತ ಫೈಲುಗಳು. ಕೆಲವು ಹೊಸವು ಬಂದಿರುತ್ತವೆ, ಕೆಲವು ಹಳೆಯವೇ ಉಳಿದಿರುತ್ತವೆ, ಎರಡಕ್ಕೂ ತಾಳೆಯಾಗುವುದಿಲ್ಲ. ನೀವು ಬರೆದದ್ದನ್ನು ಅಪ್‌ಡೇಟ್ ಮುಟ್ಟುವುದಿಲ್ಲ.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2011ರಲ್ಲಿ ಶಿರಾ ಕಡೆಯ ಹಿರಿಯರೊಬ್ಬರು ಇಂಥದೇ ಸ್ಥಿತಿಯ ಕಂಪ್ಯೂಟರನ್ನು ಬಸ್ಸಿನಲ್ಲಿ ಹೊತ್ತು ತಂದರು. "ಮುಖ್ಯವಾದದ್ದೆಲ್ಲ ಡಿ ಡ್ರೈವ್‌ನಲ್ಲಿದೆ, ಏನಾದರೂ ಮಾಡಿ" ಅಂದರು. ನಾನು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಅವರ ತಾಯಿ ಹಾಡಿದ ಸೋಬಾನೆ ಪದಗಳನ್ನು ಟೈಪ್ ಮಾಡಿಟ್ಟ ಫೋಲ್ಡರ್ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವೇ ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಮೂರು ದಿನ ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಕಾಲುಭಾಗ ಪದಗಳು ಸಿಕ್ಕವು, ಅದರಲ್ಲೂ ಕೆಲವು ಅರ್ಧರ್ಧ. ಅವರು ನನ್ನನ್ನು ಬೈಯಲಿಲ್ಲ. ಪ್ರಿಂಟ್ ತೆಗೆಸಿಕೊಂಡು ಹೋದರು. ಅಂದಿನಿಂದ ಬರಹ ಹೊರಗೆ ತೆಗೆಯದೆ ನಾನು ಯಾವ ಡಿಸ್ಕನ್ನೂ ಮುಟ್ಟಿಲ್ಲ. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಈಗ ಕೆಲಸಕ್ಕೆ ಬರೋಣ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದ ಎಲ್ಲ ವೈರ್ ತೆಗೆಯಿರಿ. ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್, ಎಲ್ಲವೂ. ಹಳೇ ಯಂತ್ರಗಳು ಎಷ್ಟೋ ಸಲ ಹಾರ್ಡ್‌ಡಿಸ್ಕ್ ಬಿಟ್ಟು ಪೆನ್‌ಡ್ರೈವ್‌ನಿಂದ ಏಳುವುದಕ್ಕೆ ನೋಡಿ ಅಲ್ಲೇ ನಿಂತುಬಿಡುತ್ತವೆ. ಆಮೇಲೆ ಆನ್ ಮಾಡಿ, ಸಿಪಿಯು ಮುಂದಿನ ಸಣ್ಣ ಕೆಂಪು ದೀಪ ನೋಡಿ. ಕೆಲವು ಯಂತ್ರಗಳಲ್ಲಿ ಅದು ನೀಲಿ ಇರುತ್ತದೆ. ಅದು ಮಿಟುಕುತ್ತಿದ್ದರೆ ಡಿಸ್ಕ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಟ್ಟುಬಿಡಿ. ಸುತ್ತುವ ಹಳೇ ಹಾರ್ಡ್‌ಡಿಸ್ಕ್‌ಗೆ ಎರಡು ಮೂರು ಗಂಟೆ ಬೇಕಾಗಬಹುದು. ನನ್ನ ಅಂಗಡಿಯಲ್ಲಿ ಒಂದು ಯಂತ್ರ ಸಂಜೆ ಏಳಕ್ಕೆ ಶುರುವಾಗಿ ಬೆಳಗಿನ ಜಾವ ತಾನಾಗಿಯೇ ಎದ್ದು ಕೂತಿತ್ತು. ನಡುವೆ ಬಟನ್ ಒತ್ತಿದ್ದರೆ ಅದೂ ನಿಮ್ಮ ಯಂತ್ರದ ಹಾಗೇ ಆಗುತ್ತಿತ್ತು.

ದೀಪ ಮಿಟುಕದೆ ಪದೇ ಪದೇ ಅದೇ ಪರದೆ ಬರುತ್ತಿದ್ದರೆ, ವಿಂಡೋಸ್ ಗುರುತು ಕಂಡ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಫ್ ಮಾಡಿ. ಹೀಗೆ ಮೂರು ಸಲ ಆಗುವಷ್ಟರಲ್ಲಿ ರಿಪೇರಿಯ ನೀಲಿ ಪರದೆ ಬರಬೇಕು. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್. ಅದರೊಳಗೆ 'ಕಮಾಂಡ್ ಪ್ರಾಂಪ್ಟ್' ಅಂತ ಇದೆ. ರಿಪೇರಿಗಿಂತ ಮೊದಲು ಅಲ್ಲಿಂದ ನಿಮ್ಮ ಬರಹಗಳನ್ನು ಹೊರಗೆ ತೆಗೆಯೋಣ.

ಈಗ ಒಂದು ಖಾಲಿ ಪೆನ್‌ಡ್ರೈವ್ ಚುಚ್ಚಿ. ಕಪ್ಪು ಕಿಟಕಿ ಬಂದಾಗ ನೋಟ್‌ಪ್ಯಾಡ್ ಅನ್ನುವ ಪದವನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನಿಮಗೆ ಗೊತ್ತಿರುವ ಅದೇ ನೋಟ್‌ಪ್ಯಾಡ್ ತೆರೆಯುತ್ತದೆ. ಫೈಲ್, ಓಪನ್ ಒತ್ತಿ. ಕೆಳಗೆ 'ಟೆಕ್ಸ್ಟ್ ಡಾಕ್ಯುಮೆಂಟ್ಸ್' ಅಂತ ಇರುವ ಕಡೆ 'ಆಲ್ ಫೈಲ್ಸ್' ಆರಿಸಿ. ಈಗ ಇಡೀ ಡಿಸ್ಕ್ ನಿಮ್ಮ ಕಣ್ಣೆದುರು ಇದೆ. ನಿಮ್ಮ ಫೋಲ್ಡರ್ ಮೇಲೆ ಬಲಗಡೆ ಬಟನ್ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಕಾಪಿ ಎಷ್ಟಾಯಿತು ಅಂತ ಅದು ತೋರಿಸುವುದಿಲ್ಲ, ಸುಮ್ನೆ ನಿಂತ ಹಾಗೆ ಕಾಣುತ್ತದೆ. ಕಾಯಿರಿ. ಇಲ್ಲಿ ಒಂದು ಎಚ್ಚರ ಬೇಕು. ಈ ರಿಪೇರಿ ಪರದೆಯಲ್ಲಿ ಡ್ರೈವ್‌ಗಳ ಅಕ್ಷರ ಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಂತಲೋ ಇ ಅಂತಲೋ ಕಂಡರೆ ಗಾಬರಿ ಬೇಡ. ಒಳಗೆ ವಿಂಡೋಸ್, ಯೂಸರ್ಸ್ ಅನ್ನುವ ಫೋಲ್ಡರ್‌ಗಳಿದ್ದರೆ ಅದೇ ನಿಮ್ಮ ಸಿ.

ಕಾಪಿ ಮಾಡುವಾಗ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಆಫ್ ಮಾಡಿ. ಅದು ಅಪ್‌ಡೇಟ್ ತೊಂದರೆ ಅಲ್ಲ, ಡಿಸ್ಕೇ ಸಾಯುತ್ತಿದೆ. ಅಂಥ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ತಪ್ಪು. ಗಂಟೆಗಟ್ಟಲೆ ಉಜ್ಜಿ, ಉಳಿದ ಜೀವವನ್ನೂ ತೆಗೆಯುತ್ತದೆ. ಎಷ್ಟೋ ಅಂಗಡಿಗಳಲ್ಲಿ ಮೊದಲು ಮಾಡುವ ಕೆಲಸವೇ ಅದು. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬರಹ ಹೊರಗೆ ಬಂತಾ? ಇನ್ನು ರಿಪೇರಿ. ಅದೇ ಮೆನುವಿನಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಇದೆ. ಅದರಲ್ಲಿ ಎರಡು ಸಾಲು. 'ಕ್ವಾಲಿಟಿ ಅಪ್‌ಡೇಟ್' ಅಂದರೆ ತಿಂಗಳು ತಿಂಗಳು ಬರುವ ಸಣ್ಣದು. 'ಫೀಚರ್ ಅಪ್‌ಡೇಟ್' ಅಂದರೆ ಇಡೀ ಆವೃತ್ತಿಯನ್ನೇ ಬದಲಿಸುವ ದೊಡ್ಡದು. ನಿಮ್ಮದು ಮೊದಲನೆಯದು. ಅದನ್ನು ಆರಿಸಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಕೆಲವೊಮ್ಮೆ "ಬಾಕಿ ಕೆಲಸ ಇದೆ, ತೆಗೆಯಲಾಗದು" ಅನ್ನುತ್ತದೆ. ಆಗ ಅಂಗಡಿಯವರಿಗೆ ಈ ಮಾತು ಹೇಳಿ: "ಡಿಸ್ಮ್ ಕಮಾಂಡ್‌ನಲ್ಲಿ ರಿವರ್ಟ್ ಪೆಂಡಿಂಗ್ ಆಕ್ಷನ್ಸ್ ಕೊಡಿ." ಕೆಲಸ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಬಾಕಿ ಉಳಿದ ಹೆಜ್ಜೆಗಳನ್ನೆಲ್ಲ ಅದು ಹಿಂದಕ್ಕೆ ತೆಗೆಯುತ್ತದೆ. ಕರೆಂಟ್ ಹೋಗಿ ಕೆಟ್ಟ ಯಂತ್ರಗಳಲ್ಲಿ ನನಗೆ ಅತಿ ಹೆಚ್ಚು ಕೈಹಿಡಿದದ್ದು ಇದೇ.

ಇನ್ನೊಂದು ನೋಡಿ. ನಮ್ಮ ಕಡೆ ಜೋಡಿಸಿದ ಹಳೇ ಡೆಸ್ಕ್‌ಟಾಪ್‌ಗಳಲ್ಲಿ 500 ಜಿಬಿ ಡಿಸ್ಕನ್ನು ನಾಲ್ಕು ಭಾಗ ಮಾಡಿ ಸಿ ಡ್ರೈವ್‌ಗೆ ಬರೀ 50 ಜಿಬಿ ಕೊಡುವ ರೂಢಿ ಇತ್ತು. ವಿಂಡೋಸ್ 7 ಕಾಲಕ್ಕೆ ಅಷ್ಟು ಸಾಕಿತ್ತು. ಈಗ ಅಪ್‌ಡೇಟ್ ಬಿಚ್ಚಿಕೊಳ್ಳುವುದಕ್ಕೇ ಜಾಗ ಸಾಲುವುದಿಲ್ಲ. ಎದ್ದ ಮೇಲೆ ಮೊದಲು ಸಿ ಡ್ರೈವ್‌ನಲ್ಲಿ 20 ಜಿಬಿ ಖಾಲಿ ಮಾಡಿ. ಮುಂದೆ ಅಪ್‌ಡೇಟ್ ರಾತ್ರಿ ಬೇಡ, ಬೆಳಿಗ್ಗೆ ತಿಂಡಿ ಆದ ಮೇಲೆ ಕೂತು ಮಾಡಿ. ಯುಪಿಎಸ್ ಬ್ಯಾಟರಿ ಹೋಗಿದ್ದರೆ ಹಾಕಿಸಿ. ಹತ್ತು ನಿಮಿಷ ತಡೆದರೂ ಸಾಕು, ಸರಿಯಾಗಿ ಶಟ್‌ಡೌನ್ ಮಾಡಬಹುದು. ಅಪ್‌ಡೇಟ್ ನಡುವೆಯೇ ಕರೆಂಟ್ ಹೋದರೆ ಮಾತ್ರ ಹತ್ತು ನಿಮಿಷ ಸಾಲದು. ಅದಕ್ಕೇ ಹಗಲು ಹೊತ್ತು, ಲೈನ್ ಗಟ್ಟಿಯಾಗಿರುವ ಸಮಯ ನೋಡಿಕೊಳ್ಳಿ ಅಂದದ್ದು.

ಪ್ರಶ್ನೆ: ಅಕ್ಕಾ, ನಮ್ಮದು ಕೊಬ್ಬರಿ ಮಂಡಿ. ಬಿಲ್ ಹಾಕುವ ಕಂಪ್ಯೂಟರ್ ಹನ್ನೆರಡು ವರ್ಷದ್ದು. ಶನಿವಾರ 'ಅಪ್‌ಡೇಟ್ ಅಂಡ್ ಶಟ್‌ಡೌನ್' ಕೊಟ್ಟು, ಮೇನ್ ಸ್ವಿಚ್ ತೆಗೆದು ಹಬ್ಬಕ್ಕೆ ಊರಿಗೆ ಹೋದೆವು. ನಾಲ್ಕು ದಿನದ ನಂತರ ಬಂದು ಆನ್ ಮಾಡಿದರೆ ನೀಲಿ ಪರದೆ, 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ. ಅದಕ್ಕೂ ಮೊದಲು ಕಪ್ಪು ಪರದೆಯಲ್ಲಿ ತಾರೀಖಿನ ಬಗ್ಗೆ ಏನೋ ಬಂದು ಎಫ್1 ಒತ್ತು ಅಂತ ಕೇಳುತ್ತದೆ. ಅಪ್‌ಡೇಟ್‌ನಿಂದಲೇ ಹೀಗಾಯ್ತಾ? (ತಿಪಟೂರು)

ಉತ್ತರ: ಇಲ್ಲ ತಮ್ಮಾ, ನಿಮ್ಮ ಪತ್ರದಲ್ಲೇ ಉತ್ತರ ಇದೆ. ಎಫ್1 ಕೇಳುವ ಆ ಕಪ್ಪು ಪರದೆಯನ್ನು ನೀವು ಬರೆದದ್ದು ಒಳ್ಳೆಯದಾಯಿತು.

ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದ ಹಾಗಿರುವ ಸೆಲ್ ಇರುತ್ತದೆ. ಸಿಮಾಸ್ ಬ್ಯಾಟರಿ ಅನ್ನುತ್ತೇವೆ. ಅದರ ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ಅಳತೆಯೇ ಅದರ ಹೆಸರು. ಅದು 3 ವೋಲ್ಟ್‌ನ ಸೆಲ್. ಕಂಪ್ಯೂಟರ್‌ಗೆ ಗಡಿಯಾರ ಓಡಿಸುವುದು, ಬಯೋಸ್ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಬಯೋಸ್ ಅಂದರೆ ವಿಂಡೋಸ್‌ಗಿಂತ ಮೊದಲು ಎದ್ದು ಯಂತ್ರವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು ಅದಕ್ಕೆ ಕೆಲಸ ಇಲ್ಲ, ಮಷಿನ್ ಆಫ್ ಇದ್ದರೂ ಸರಿ. ನೀವು ಮೇನ್ ಸ್ವಿಚ್ ತೆಗೆದಿರಿ. ನಾಲ್ಕು ದಿನ ಆ ಹಳೇ ಸೆಲ್ ಒಂದೇ ಭಾರ ಹೊರಬೇಕಾಯಿತು. ಸೋತಿತು. ಬಯೋಸ್ ತನ್ನೆಲ್ಲ ಸೆಟ್ಟಿಂಗ್ ಮರೆತು ಕಾರ್ಖಾನೆಯಿಂದ ಬಂದ ದಿನಕ್ಕೆ ಹೋಯಿತು.

ಮರೆತದ್ದರಲ್ಲಿ ಒಂದು ಬಹಳ ಮುಖ್ಯ. ಹಾರ್ಡ್‌ಡಿಸ್ಕ್ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನುವ ಸೆಟ್ಟಿಂಗ್ ಅದು, ಸಾಟಾ ಮೋಡ್. ಅದರಲ್ಲಿ ಐಡಿಇ, ಎಎಚ್‌ಸಿಐ ಅಂತ ಆಯ್ಕೆಗಳಿರುತ್ತವೆ. ನಿಮ್ಮ ವಿಂಡೋಸ್ ಹಾಕಿದಾಗ ಎಎಚ್‌ಸಿಐ ಇಟ್ಟಿರಬೇಕು. ಈಗ ಅದು ಐಡಿಇಗೆ ಹೋಗಿದೆ. ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ ನೀಲಿಯಾಗಿದೆ.

ಪ್ಲಗ್ ಕಿತ್ತು, ಸಿಪಿಯು ಬಾಗಿಲು ತೆಗೆದು, ಸೆಲ್ ಬದಲಿಸಿ. ಕೈಗಡಿಯಾರ ರಿಪೇರಿ ಮಾಡುವವರ ಹತ್ತಿರವೂ ಸಿಗುತ್ತದೆ. ಬರಹ ಇರುವ ಮುಖ ಮೇಲೆ ಬರಬೇಕು. ಆಮೇಲೆ ಆನ್ ಮಾಡುವಾಗ ಡಿಲೀಟ್ ಇಲ್ಲವೇ ಎಫ್2 ಒತ್ತುತ್ತಾ ಬಯೋಸ್ ಒಳಗೆ ಹೋಗಿ. ತಾರೀಖು ಸರಿ ಮಾಡಿ, ಸಾಟಾ ಮೋಡನ್ನು ಎಎಚ್‌ಸಿಐಗೆ ಇಡಿ, ಎಫ್10 ಒತ್ತಿ ಸೇವ್ ಮಾಡಿ. ಬಯೋಸ್‌ನಲ್ಲಿ ಆಗಲೇ ಎಎಚ್‌ಸಿಐ ಇದ್ದರೆ ನನ್ನ ಊಹೆ ತಲೆಕೆಳಗಾಗಿದೆ ಅಂತ ಅರ್ಥ, ಆಗ ಐಡಿಇ ಇಟ್ಟು ನೋಡಿ. ಮುಗಿದ ಮೇಲೆ ಆ ಪರದೆಯ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬ್ಯಾಂಕಿನ ಸೈಟ್ ತೆರೆಯುವಾಗ 'ಸುರಕ್ಷಿತವಲ್ಲ' ಅಂತ ಬರುತ್ತಿದ್ದರೆ ಅದೂ ನಿಲ್ಲುತ್ತದೆ. ತಾರೀಖು ತಪ್ಪಿದ್ದಾಗ ಬರುವ ಮಾತದು. ಇಂಥ ಯಂತ್ರಗಳು ನನ್ನ ಮೇಜಿಗೆ ಪ್ರತಿ ಹಬ್ಬದ ಮಾರನೇ ವಾರ ಬರುತ್ತವೆ. ಎಲ್ಲರೂ ಅಪ್‌ಡೇಟನ್ನೇ ದೂರುತ್ತಾರೆ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ವಿದ್ಯಾರ್ಥಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಓಎಸ್ ಹಾಕಿಕೊಂಡಿದ್ದೇನೆ. ಹಾಕುವಾಗ ಪಾಸ್‌ವರ್ಡ್ ಇಲ್ಲದೆ ತೆರೆಯದ ಹಾಗೆ ಡಿಸ್ಕ್ ಎನ್‌ಕ್ರಿಪ್ಟ್ ಕೂಡ ಮಾಡಿದ್ದೆ. ನಿನ್ನೆ ಅಪ್‌ಡೇಟ್ ಆದ ಮೇಲೆ ಪಾಸ್‌ವರ್ಡ್ ಕೂಡ ಕೇಳದೆ 'ಕರ್ನಲ್ ಪ್ಯಾನಿಕ್' ಅಂತ ನಿಲ್ಲುತ್ತಿದೆ. (ಚಿಂತಾಮಣಿ)

ಉತ್ತರ: ಹೆದರಬೇಡ ಮಗಾ, ಉಬುಂಟು ಹಳೇ ಕರ್ನಲ್ ಒಂದನ್ನು ಉಳಿಸಿಕೊಂಡಿರುತ್ತದೆ. ಕರ್ನಲ್ ಅಂದರೆ ಓಎಸ್‌ನ ತಿರುಳು. ಆನ್ ಮಾಡಿದ ಕೂಡಲೇ ಎಸ್ಕೇಪ್ ಒತ್ತು. ತುಂಬ ಹಳೇ ಲ್ಯಾಪ್‌ಟಾಪ್ ಆದರೆ ಶಿಫ್ಟ್ ಹಿಡಿದುಕೊ. ಯಾವುದರಿಂದ ಏಳಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಎರಡನೇ ಕರ್ನಲ್ ಆರಿಸು, ರಿಕವರಿ ಅಂತ ಇಲ್ಲದ್ದು. ಎದ್ದೇಳುತ್ತದೆ.

ಕಾರಣ ಹೀಗಿರಬೇಕು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದಾಗ ಬೂಟ್ ಫೈಲುಗಳಿಗೆ ಬೇರೆ ಸಣ್ಣ ಪಾರ್ಟಿಷನ್ ಮಾಡುತ್ತದೆ. ಪ್ರತಿ ಅಪ್‌ಡೇಟ್‌ಗೂ ಹೊಸ ಕರ್ನಲ್ ಬಂದು ಅಲ್ಲಿ ಕೂರುತ್ತದೆ. ಜಾಗ ತುಂಬಿದರೆ ಕರ್ನಲ್ ಬರುತ್ತದೆ, ಅದರ ಜೊತೆ ಇರಬೇಕಾದ ಇನಿಟ್ರ್ಯಾಮ್‌ಎಫ್‌ಎಸ್ ಕಟ್ಟು ತಯಾರಾಗುವುದಿಲ್ಲ. ಡಿಸ್ಕಿನ ಬೀಗ ತೆಗೆಯುವ ಸಾಮಾನೆಲ್ಲ ಇರುವುದು ಆ ಕಟ್ಟಿನಲ್ಲೇ. ಅದಕ್ಕೇ ನಿನಗೆ ಪಾಸ್‌ವರ್ಡ್ ಕೂಡ ಕೇಳಲಿಲ್ಲ. ಎದ್ದ ಮೇಲೆ ಟರ್ಮಿನಲ್‌ನಲ್ಲಿ ಆಪ್ಟ್‌ನ ಆಟೋರಿಮೂವ್ ಕಮಾಂಡ್ ಕೊಟ್ಟು ಹಳೇ ಕರ್ನಲ್‌ಗಳನ್ನು ತೆಗೆ. ಈಗ ಎದ್ದಿರುವ ಕರ್ನಲನ್ನು ಮಾತ್ರ ಕೈಯಾರೆ ಅಳಿಸಬೇಡ. ಆಮೇಲೆ ಅಪ್‌ಡೇಟ್-ಇನಿಟ್ರ್ಯಾಮ್‌ಎಫ್‌ಎಸ್ ಓಡಿಸಿ ಹೊಸ ಕರ್ನಲ್‌ಗೆ ಕಟ್ಟು ಮಾಡಿಸು.

ಪ್ರಶ್ನೆ: ನಮ್ಮ ರೇಷ್ಮೆ ರೀಲಿಂಗ್ ಘಟಕದ ಲೆಕ್ಕವೆಲ್ಲ ಒಂದು ಲ್ಯಾಪ್‌ಟಾಪ್‌ನಲ್ಲಿದೆ, 2018ರದ್ದು. ಬಯೋಸ್ ಅಪ್‌ಡೇಟ್ ಆದ ಮೇಲೆ ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳುತ್ತಿದೆ. ವೈರಸ್ಸಾ ಮೇಡಂ? ಒಬ್ಬರು ಮೂರು ಸಾವಿರ ಕೊಟ್ಟರೆ ಬಿಡಿಸಿಕೊಡುತ್ತೇನೆ ಅಂದಿದ್ದಾರೆ. (ಶಿಡ್ಲಘಟ್ಟ)

ಉತ್ತರ: ಆ ದುಡ್ಡು ಕೊಡಬೇಡಿ ತಾಯೀ. ಇದು ವೈರಸ್ ಅಲ್ಲ, ಬಿಟ್‌ಲಾಕರ್ ಅನ್ನುವ ಬೀಗ. ಬಯೋಸ್ ಬದಲಾದದ್ದನ್ನು ಕಂಡು, ಕಳ್ಳರು ಡಿಸ್ಕ್ ಮುಟ್ಟಿದರೇನೋ ಅಂತ ಬೀಗ ಹಾಕಿಕೊಂಡಿದೆ. ಯಾರೂ ಬೇಕೆಂದು ಆನ್ ಮಾಡಿರಬೇಕಾಗಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನೇ ಆನ್ ಆಗಿರುತ್ತದೆ, ಕೀ ಆ ಖಾತೆಯಲ್ಲಿ ಉಳಿದಿರುತ್ತದೆ.

ಹಾಗಾಗಿ ನಿಜವಾದ ಪ್ರಶ್ನೆ ಇದು: ಲ್ಯಾಪ್‌ಟಾಪ್ ಮೊದಲ ಸಲ ತೆಗೆದಾಗ ಯಾರ ಇಮೇಲ್ ಹಾಕಿದ್ದಿರಿ? ನಿಮ್ಮದಾ, ಮಗನದಾ, ಮಾರಿದ ಅಂಗಡಿಯ ಹುಡುಗನದಾ? ಆ ಇಮೇಲ್‌ನಿಂದ ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ಅನ್ನುವ ಕಡೆ ರಿಕವರಿ ಕೀ ನೋಡಿ. ಎರಡು ಮೂರು ಕೀ ಕಂಡರೆ, ನೀಲಿ ಪರದೆಯಲ್ಲಿರುವ ಕೀ ಐಡಿಯ ಮೊದಲ 8 ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದನ್ನು ಹಾಕಿ. ಬಯೋಸ್‌ನಲ್ಲಿ ಯಾರಾದರೂ ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ ನೋಡಿ, ಕೆಲವು ಸಲ ಕೀ ಕೇಳದೆಯೇ ಏಳುತ್ತದೆ. ಸಿಕ್ಕ ಕೀಯನ್ನು ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ನಿನಿಂದ ಬರೆದಿಡಿ.

ಕೀ ಎಲ್ಲೂ ಸಿಗದಿದ್ದರೆ ನಿಜ ಹೇಳಲೇಬೇಕು. ಆ ಲೆಕ್ಕವನ್ನು ನಾನೂ ತೆಗೆಯಲಾರೆ, ಆ ಮೂರು ಸಾವಿರದವರೂ ತೆಗೆಯಲಾರರು. ಅವರು ಮಾಡುವುದು ಫಾರ್ಮ್ಯಾಟ್ ಅಷ್ಟೇ. ಅದಕ್ಕೇ ಇರುವ ಎಲ್ಲ ಇಮೇಲ್‌ಗಳನ್ನೂ ಒಂದೊಂದಾಗಿ ನೋಡಿ ಮುಗಿಸುವವರೆಗೆ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಡಬೇಡಿ.

ಪ್ರಶ್ನೆ: ನನ್ನ ಹತ್ತಿರ ಕೋರ್ 2 ಡ್ಯುಯೊ ಕಂಪ್ಯೂಟರ್ ಇದೆ, 4 ಜಿಬಿ ರ್‍ಯಾಮ್. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಸಿದ್ದೆ, ಚೆನ್ನಾಗಿಯೇ ಓಡುತ್ತಿತ್ತು. ಅದರ 24ಎಚ್2 ಅನ್ನುವ ಆವೃತ್ತಿ ಹಾಕಿಸಿದ ಮೇಲೆ ಲೋಗೊ ಬಂದು ರೀಸ್ಟಾರ್ಟ್ ಆಗುತ್ತಿದೆ. ಕನ್ನಡ ಟೈಪಿಂಗ್‌ಗೆ ಮಾತ್ರ ಬಳಸುತ್ತೇನೆ. ಏನು ದಾರಿ? (ಮಾಲೂರು)

ಉತ್ತರ: ಸರ್, ಇದಕ್ಕೆ ರಿಪೇರಿ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಆ ಆವೃತ್ತಿಗೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಅನ್ನುವ ಆದೇಶ ಇರಲೇಬೇಕು. ಒಂದು ಸಂಖ್ಯೆಯಲ್ಲಿ ಎಷ್ಟು 1 ಇವೆ ಅಂತ ಎಣಿಸುವ ಸಣ್ಣ ಕೆಲಸ ಅದು. ಇಂಟೆಲ್‌ನಲ್ಲಿ 2008ರ ಕೊನೆಗೆ ಬಂದ ಕೋರ್ ಐ7ನಿಂದ ಅದು ಇದೆ. ಕೋರ್ 2 ಡ್ಯುಯೊದಲ್ಲಿ ಇಲ್ಲ. ವಿಂಡೋಸ್ 11 ಕೇಳುವ ಟಿಪಿಎಂ ಅನ್ನುವ ಭದ್ರತಾ ಚಿಪ್ ಇಲ್ಲದಿದ್ದರೂ ವಿಂಡೋಸ್‌ಗೆ ಹೇಗೋ ಕಣ್ಣು ತಪ್ಪಿಸಿ ಹಾಕುತ್ತಾರೆ. ಚಿಪ್‌ನೊಳಗೆ ಇಲ್ಲದ್ದನ್ನು ಯಾರೂ ತಂದುಕೊಡಲಾರರು. ವಿಂಡೋಸ್ 10ಕ್ಕೆ ಹಿಂದೆ ಹೋಗೋಣ ಅಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಾನಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ಓಎಸ್, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರವಾದದ್ದು ಹಾಕುತ್ತೇನೆ. 4 ಜಿಬಿ ಸಾಕು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಟೈಪಿಂಗ್ ಚಿಂತೆ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹುಡುಕಿದರೆ 'ಕನ್ನಡ, ಕಗಪ' ಅಂತ ಇದೆ. ಕಗಪ ಅಂದರೆ ನಮ್ಮ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವೇ ನುಡಿಯಲ್ಲೂ ಇರುವುದು. ಬೆರಳಿಗೆ ರೂಢಿಯಾದದ್ದು ಹಾಗೇ ನಡೆಯುತ್ತದೆ. ಒಂದು ಕೆಲಸ ಮಾತ್ರ ಮೊದಲು ಮಾಡಬೇಕು. ಹಳೇ ನುಡಿ ಫೈಲುಗಳು ಆ ಫಾಂಟ್ ಇಲ್ಲದ ಕಡೆ ಗೋಜಲು ಗೋಜಲಾಗಿ ಕಾಣುತ್ತವೆ. ಡಿಸ್ಕನ್ನು ಬೇರೆ ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿ, ಎಲ್ಲವನ್ನೂ ಕಾಪಿ ಮಾಡಿಕೊಂಡು, ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರ್‌ನಲ್ಲೂ ಓದಬರುವ ಅಕ್ಷರ ಪದ್ಧತಿಗೆ, ಬದಲಿಸಿ. ಎರಡು ಮೂರು ಫೈಲ್ ತೆರೆದು ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಬಂದಿವೆಯಾ ಅಂತ ಕಣ್ಣಾರೆ ನೋಡಿ. ಹಳೆಯ ಮೂಲ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಂಡ ಮೇಲೆಯೇ ಮಿಂಟ್ ಹಾಕಿಸಿ. ಲಿನಕ್ಸ್‌ನಲ್ಲಿ 'ಗುಬ್ಬಿ', 'ನವಿಲು' ಅಂತ ಎರಡು ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತವೆ. ಉದ್ದ ಬರಹಕ್ಕೆ ನನಗೆ ನವಿಲು ಇಷ್ಟ. ಎರಡನ್ನೂ ಹಾಕಿಸಿ ನೋಡಿ.